ಸೋಮವಾರದ ಡಾಟೀ

ಆ ಚಳಿಗಾಲದಲ್ಲಿ ಮರ್ಲ್ ಕ್ರೀಕ್ ಊರಿಗೆ ಸೋಮವಾರದ ಸಂಜೆ ಎಂದರೆ ನ್ಯಾಯ ಸೇರುವ ಹೊತ್ತು. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋಚ್ ಮುಖ್ಯ ಬೀದಿಯ ಪಿಜ್ಜಾ ಅಂಗಡಿಗೆ ಬಂದು ಮೈಕಿನ ಮುಂದೆ ಕೂರುತ್ತಿದ್ದ. ಊರವರು ರೇಡಿಯೋಗೆ ಫೋನ್ ಮಾಡಿ ಅವನನ್ನು ಏನು ಬೇಕಾದರೂ ಕೇಳಬಹುದಿತ್ತು. ತಂಡ ಗೆಲ್ಲುತ್ತಿದ್ದ ವರ್ಷಗಳಲ್ಲಿ ಜನ ಕೋಚಿನ ಟೈ ಬಣ್ಣವನ್ನೂ ಹೊಗಳಿದ್ದುಂಟು. ಈಗ ಸೋಲಿನ ಮೇಲೆ ಸೋಲು. ಹಾಗಾಗಿ ಬರುವ ಪ್ರಶ್ನೆಗಳಿಗೆಲ್ಲ ಹಲ್ಲು ಮೂಡಿತ್ತು.

ಅರ್ಡಿತ್ ಫ್ರೆರಿಕ್ಸ್ ತನ್ನ ಹಳೆಯ ಬ್ಯೂಕ್ ಕಾರನ್ನು ಲೂಥರನ್ ಚರ್ಚಿನ ಹಿಂದುಗಡೆ, ಬೀದಿಯಿಂದ ಯಾರಿಗೂ ಕಾಣದ ಮೂಲೆಯಲ್ಲಿ ನಿಲ್ಲಿಸಿದ್ದಳು. ಎಂಜಿನ್ ಆರಿಸಿರಲಿಲ್ಲ, ಆರಿಸಿದರೆ ಮೊಣಕಾಲು ಮರಗಟ್ಟುವಂಥ ಚಳಿ. ಫೋನಿನ ಬಾಯಿಗೆ ಉಣ್ಣೆಯ ಕೈಗವಸು ಅಡ್ಡ ಹಿಡಿದು, ಗಂಟಲನ್ನು ಒಂದಿಷ್ಟು ಹಿಚುಕಿಕೊಂಡು ತನ್ನ ಸರದಿಗಾಗಿ ಕಾಯುತ್ತಿದ್ದಳು. ಆ ರೇಡಿಯೋದವರ ಸಲಕರಣೆ ಹಳೆಯದು, ಫೋನ್ ಮಾಡಿದವರ ನಂಬರು ಅದರಲ್ಲಿ ಕಾಣುವುದಿಲ್ಲ ಎಂಬುದನ್ನು ಅವಳು ಮೊದಲೇ ಉಪಾಯವಾಗಿ ತಿಳಿದುಕೊಂಡಿದ್ದಳು.

"ಪಕ್ಕದೂರು ಓಕ್ ಹಿಲ್‌ನಿಂದ ಡಾಟೀ ಲೈನಿಗೆ ಬಂದ್ರು," ಎಂದ ಕಾರ್ಯಕ್ರಮ ನಡೆಸುವ ಗಸ್ ಹಾಲ್ವರ್ಸನ್. ಅಂಗಡಿಯಲ್ಲಿ ಕೂತವರು ಚಪ್ಪಾಳೆ ತಟ್ಟಿದ್ದು ಕೇಳಿಸಿತು. "ಹೇಳಿ ಡಾಟೀ, ಈ ವಾರ ಯಾರ ಮೇಲೆ ಕೋಪ?"

"ಕೋಪ ಎಲ್ಲಿ ಬಂತು ಗಸ್, ಬರೀ ಅನುಮಾನ," ಎಂದಳು ಅರ್ಡಿತ್. "ಕೋಚ್ ಸಾಹೇಬ್ರನ್ನ ಒಂದು ಕೇಳ್ಬೇಕಿತ್ತು. ಶನಿವಾರ ಬಂದಿದ್ದ ಹುಡುಗರು ಜಿಂಕೆ ಥರ ಓಡ್ತಿದ್ರು. ನಮ್ಮೋರು ಅವರ ಹಿಂದೆ ಓಡಿ ಓಡಿ ಅರ್ಧ ಆಟಕ್ಕೇ ನಾಲಿಗೆ ಹೊರಗೆ ಹಾಕಿದ್ರು. ಒಬ್ಬೊಬ್ಬನ ಹಿಂದೆ ಒಬ್ಬೊಬ್ರು ಓಡೋದು ಬಿಟ್ಟು, ಎಲ್ರೂ ಬುಟ್ಟಿ ಸುತ್ತ ಜಾಗ ಹಿಡ್ಕೊಂಡು ಕಾದ್ರೆ ನಿಮ್ಮ ಗಂಟೇನು ಹೋಗತ್ತೆ?"

ಅಂಗಡಿ ತುಂಬ ನಗು. ಕೋಚ್ ವೇಡ್ ಪೆಟ್ರಾಕ್ ನಗು ಅಡಗುವವರೆಗೆ ಕಾದ. "ಒಳ್ಳೇ ಪ್ರಶ್ನೆ ಡಾಟೀ. ಜಾಗ ಕಾಯೋ ಆಟದ ಬಗ್ಗೆ ನಾವೂ ಯೋಚ್ನೆ ಮಾಡಿದ್ವಿ."

"ಯೋಚ್ನೆ ಅಲ್ಲ, ತೀರ್ಮಾನಾನೇ ಮಾಡಿದ್ರಿ. ಶನಿವಾರ ಹಾಗೇ ಆಡೋದು ಅಂತ ಗುರುವಾರ ಗಟ್ಟಿ ಮಾಡ್ಕೊಂಡು, ಆಟದ ದಿನ ಪುಕ್ಕಲಾದ್ರಿ. ಯಾಕೆ?"

ಈ ಸಲ ಯಾರೂ ನಗಲಿಲ್ಲ. ತಟ್ಟೆಗೆ ಫೋರ್ಕ್ ತಾಗಿದ ಸದ್ದು ಕೂಡ ಕೇಳಿಸಿತು. ಆಮೇಲೆ ವೇಡ್ ತಗ್ಗಿದ ದನಿಯಲ್ಲಿ, "ಇದು ನಿಮಗೆ ಯಾರು ಹೇಳಿದ್ದು?" ಎಂದ.

ಅರ್ಡಿತ್ ಫೋನ್ ಇಟ್ಟುಬಿಟ್ಟಳು. ಆ ತುದಿಯಲ್ಲಿ ಕೂತಿದ್ದವನು ಅವಳ ಅಳಿಯ. ಅವಳು ಇರುತ್ತಿದ್ದುದು ಅವನ ಮನೆಯಲ್ಲೇ, ಅಡಿಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ.

ಅವಳು ಇದಕ್ಕೆ ಇಳಿದದ್ದು ಹೇಗೆ ಎಂಬುದನ್ನು ಹೇಳಬೇಕು. ಅರ್ಡಿತ್ ಹುಟ್ಟಿದ್ದೇ ಆ ಊರಿನಲ್ಲಿ. ಆ ಊರಿರುವ ಅಯೋವಾ ರಾಜ್ಯದಲ್ಲಿ ಹೆಣ್ಣುಮಕ್ಕಳು ಆರಾರು ಜನ ಸೇರಿ ಆಡುತ್ತಿದ್ದ ಕಾಲದಲ್ಲಿ ಅವಳು ಹೈಸ್ಕೂಲಿನ ತಂಡದಲ್ಲಿದ್ದಳು. ಆ ಆಟದಲ್ಲಿ ಮೂವರು ಬುಟ್ಟಿಗೆ ಹಾಕುವವರು, ಮೂವರು ಕಾಯುವವರು. ಕಾಯುವವರು ನಡುಗೆರೆ ದಾಟುವಂತಿಲ್ಲ. ಅರ್ಡಿತ್ ಕಾಯುವವಳು. ಜೀವಮಾನದಲ್ಲಿ ಒಂದು ಚೆಂಡನ್ನೂ ಬುಟ್ಟಿಗೆ ಹಾಕದೆ ಸುತ್ತಲ ಊರುಗಳಲ್ಲಿ ಹೆಸರು ಮಾಡಿದವಳು. ಮದುವೆಯಾದ ಮೇಲೆ ಗಂಡನ ಜೊತೆ, ಅವನು ಹೋದ ಮೇಲೆ ಗೆಳತಿ ಲವಾನ್ ಜೊತೆ, ಕಾಲೇಜಿನ ಒಳಾಂಗಣದಲ್ಲಿ ಯಾವಾಗಲೂ ಒಂದೇ ಸಾಲಿನಲ್ಲಿ ಕೂತು ಆಟ ನೋಡಿದಳು. ನೋಡುವುದಕ್ಕಿಂತ ಹೆಚ್ಚಾಗಿ ಗೊಣಗಿದಳು. ತಂಡದ ಹೆಸರು ಹೆರನ್ಸ್, ಅಂದರೆ ಕೊಕ್ಕರೆಗಳು. "ಒಂಟಿ ಕಾಲಲ್ಲಿ ನಿಂತು ಧ್ಯಾನ ಮಾಡ್ತಾವೆ, ಮೀನು ಮಾತ್ರ ಹಿಡಿಯಲ್ಲ" ಎಂದು ಅವಳು ಅಂದ ಮಾತು ಊರೆಲ್ಲ ಓಡಾಡಿತ್ತು.

ಮಗಳು ಜೋನೆಲ್ ಪೆನ್ಸಿಲ್ವೇನಿಯಾದ ವೇಡ್‌ನನ್ನು ಮದುವೆಯಾಗಿ, ಕೆಲವು ಊರು ತಿರುಗಿ, ಕೊನೆಗೆ ಇದೇ ಕಾಲೇಜಿಗೆ ಅವನು ಕೋಚಾಗಿ ಬಂದಾಗ ಅರ್ಡಿತ್ ಹಿಗ್ಗಿದಳು. ಆ ಹಿಗ್ಗು ಬಹಳ ದಿನ ಬಾಳಲಿಲ್ಲ. ಅವಳು ಬಂದು ಕೂತರೆ ಅಕ್ಕಪಕ್ಕದವರ ಮಾತು ನಿಲ್ಲುತ್ತಿತ್ತು. ಲವಾನ್ ಕೂಡ, "ನಿಂಗೆ ಬೇಜಾರಾಗತ್ತೇನೋ ಕಣೇ" ಎಂದು ಬಾಯಿಗೆ ಬಂದದ್ದನ್ನು ನುಂಗುತ್ತಿದ್ದಳು. ಅರ್ಡಿತ್ ತಾನಾಗಿ ಒಂದು ಮಾತು ಅಂದರೆ ಅದು ಮರುದಿನ, "ಅತ್ತೇನೇ ಹೀಗಂದ್ಲಂತೆ" ಎಂದಾಗಿ ತಿರುಗಿ ಬರುತ್ತಿತ್ತು. ಅವಳು ಬಾಯಿ ಹೊಲಿದುಕೊಂಡು ಕೂತಳು. ಸೊಂಟದ ಆಪರೇಷನ್ ಆಗಿ ಮಗಳ ಮನೆ ಸೇರಿದ ಮೇಲಂತೂ ಬಾಯಿಗೆ ಬೀಗವೇ ಬಿತ್ತು.

ಮೊದಲ ಸಲ ಫೋನ್ ಮಾಡಿದ್ದು ಬರೀ ತಮಾಷೆಗೆ. ಗಸ್ ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಡಾಟೀ. ಅಂಗಡಿಯವರು ನಕ್ಕರು. ಎರಡನೇ ಸಲ ಚಪ್ಪಾಳೆ ತಟ್ಟಿದರು. ಅದರ ರುಚಿ ಹತ್ತಿತು. ಆಟದ ಮಾತು ಮುಗಿದ ಮೇಲೆ ಆಟಗಾರನ ಮಾತು, ಅದಾದ ಮೇಲೆ ಕೋಚಿನ ಮಾತು. "ಈ ಮನುಷ್ಯನ ಮನಸ್ಸು ನಮ್ಮೂರಲ್ಲಿ ಇದೆ ಅಂತ ನಂಗೆ ಅನ್ಸಲ್ಲ" ಎಂದು ಒಮ್ಮೆ ಅಂದುಬಿಟ್ಟಳು. ಅದು ಸುಳ್ಳೇನಲ್ಲ ಎಂದು ಅವಳ ಲೆಕ್ಕ. ವೇಡ್ ಆಗಾಗ ಗ್ಯಾರೇಜಿಗೆ ಹೋಗಿ, ಬಾಗಿಲು ಹಾಕಿಕೊಂಡು, ಯಾರೊಂದಿಗೋ ತಗ್ಗಿದ ದನಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಹೊರಗೆ ಬಂದಾಗ ಮುಖದಲ್ಲಿ ಕಳ್ಳತನ. ಬೇರೆ ಕಾಲೇಜಿನ ಕೆಲಸಕ್ಕೆ ಗಾಳ ಹಾಕುತ್ತಿದ್ದಾನೆ, ಅದಕ್ಕೇ ಇಲ್ಲಿನ ಹುಡುಗರನ್ನು ಕೈಬಿಟ್ಟಿದ್ದಾನೆ ಎಂಬ ಅನುಮಾನ ಅವಳಿಗೆ ಬಲವಾಗಿತ್ತು. ಆ ಮಾತು ರೇಡಿಯೋದಲ್ಲಿ ಪ್ರಸಾರವಾದ ವಾರವೇ ಯಾರೋ ಅವರ ಮನೆಯಂಗಳದ ಹಿಮದಲ್ಲಿ 'ಮನೆ ಮಾರಾಟಕ್ಕಿದೆ' ಎಂಬ ಹಲಗೆ ನೆಟ್ಟು ಹೋಗಿದ್ದರು.

ಆ ಸೋಮವಾರ ರಾತ್ರಿ ವೇಡ್ ಮನೆಗೆ ಬಂದಾಗ ಅರ್ಡಿತ್ ಒಲೆಯ ಮುಂದೆ ಮಾಂಸ, ಕಾಳು ಹಾಕಿದ ಚಿಲ್ಲಿ ಸಾರು ಕದಡುತ್ತಿದ್ದಳು. ಅವನು ಕೋಟು ಕೂಡ ತೆಗೆಯದೆ ಮೇಜಿನ ಮುಂದೆ ಕೂತ.

"ಗುರುವಾರ ಇದೇ ಮೇಜಿನ ಮುಂದೆ ಮಾತಾಡಿದ್ದು," ಎಂದು ಜೋನೆಲ್‌ಗೆ ಹೇಳಿದ. "ನಾನು, ಡ್ಯಾರಿಯಸ್. ಇಬ್ರೇ. ಹುಡುಗರಿಗೂ ಹೇಳಿರ್ಲಿಲ್ಲ. ಓಕ್ ಹಿಲ್‌ನಲ್ಲಿರೋ ಮುದುಕಿಗೆ ಅದು ಹೇಗೆ ಗೊತ್ತಾಗತ್ತೆ?"

ಡ್ಯಾರಿಯಸ್ ಟಬ್ ಅವನ ಸಹಾಯಕ ಕೋಚ್. ಎತ್ತರದ, ಮೆತ್ತಗೆ ಮಾತಾಡುವ, ವಯಸ್ಸಿನಲ್ಲಿ ಚಿಕ್ಕವನು.

"ಡ್ಯಾರಿಯಸ್ ಅಂಥೋನಲ್ಲ ಕಣೋ," ಎಂದಳು ಜೋನೆಲ್.

"ಎಂಥೋನು ಅಂತ ನಂಗೇನು ಗೊತ್ತು? ಜಾಗ ಕಾಯೋ ಆಟ ಅವನದೇ ಯೋಚ್ನೆ. ನಾನು ಬೇಡ ಅಂದಿದ್ದಕ್ಕೆ ಮುಖ ಊದಿಸ್ಕೊಂಡಿದ್ದ. ನನ್ನ ಕುರ್ಚಿ ಮೇಲೆ ಅವನಿಗೆ ಆಸೆ ಇಲ್ಲ ಅಂತ ಹೇಗೆ ನಂಬ್ಲಿ?"

ಅರ್ಡಿತ್ ಸೌಟು ಆಡಿಸುತ್ತಲೇ ಇದ್ದಳು. ಗುರುವಾರ ಅವಳು ತನ್ನ ಕೋಣೆಯಲ್ಲಿ ಟಿ.ವಿ. ಹಾಕಿಕೊಂಡು ಕೂತಿದ್ದಳು. ಗೋಡೆಯಾಚೆ ಮಾತು ಶುರುವಾದ ಕೂಡಲೇ ಸದ್ದು ಸಣ್ಣ ಮಾಡಿದ್ದಳು. ಅತ್ತೆಗೆ ಕಿವಿ ಮಂದ ಎಂದು ವೇಡ್ ನಂಬಿದ್ದ. ಆ ನಂಬಿಕೆಯನ್ನು ಅವಳು ಯಾವತ್ತೂ ತಿದ್ದಿರಲಿಲ್ಲ.

"ಅಮ್ಮ, ಅದು ತಳ ಹಿಡೀತಾ ಇದೆ," ಎಂದಳು ಜೋನೆಲ್. ಅವಳ ಕಣ್ಣು ತಾಯಿಯ ಬೆನ್ನ ಮೇಲೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತ್ತೇ? ಅರ್ಡಿತ್‌ಗೆ ಹಾಗನ್ನಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಬುಧವಾರದ ಆಟಕ್ಕೆ ಹೋದರೆ ಅಂಗಳದಲ್ಲಿ ಡಾಟೀಯದೇ ಜಾತ್ರೆ. ವಿದ್ಯಾರ್ಥಿಗಳ ಸಾಲಿನಲ್ಲಿ 'ಡಾಟೀಗೇ ಕೋಚ್ ಪಟ್ಟ' ಎಂಬ ರಟ್ಟುಗಳು. ಕೆಲವರು ತಲೆಗೆ ದಿನಸಿ ಅಂಗಡಿಯ ಕಾಗದದ ಚೀಲ ಹಾಕಿಕೊಂಡು, ಕಣ್ಣಿಗೆ ಮಾತ್ರ ತೂತು ಬಿಟ್ಟುಕೊಂಡು ಕೂತಿದ್ದರು. ಈ ತಂಡದ ಅಭಿಮಾನಿ ಅಂತ ಮುಖ ತೋರಿಸಲು ನಾಚಿಕೆಯಂತೆ.

"ಆ ಡಾಟೀ ಯಾರಿರಬಹುದು ಕಣೇ?" ಎಂದಳು ಲವಾನ್. ಈ ಸಲ ತಡೆದುಕೊಳ್ಳಲು ಅವಳಿಗೂ ಆಗಲಿಲ್ಲ. "ಓಕ್ ಹಿಲ್‌ನಲ್ಲಿ ನಮ್ಮ ನಾದಿನಿ ಇದಾಳಲ್ಲ, ಅವಳಿಗೆ ಗೊತ್ತಿರೋ ಒಬ್ಬಳೇ ಡಾಟೀ ಸತ್ತು ಎಷ್ಟೋ ವರ್ಷ ಆಯ್ತಂತೆ. ಒಳಗಿನೋರು ಯಾರೋ ಅವಳಿಗೆ ಊದ್ತಾ ಇದಾರೆ. ನಂಗೆ ಆ ಟಬ್ ಮೇಲೇ ಅನುಮಾನ."

"ಅವನ್ಯಾಕೆ?"

"ನೋಡು, ಎಲ್ಲಿ ಕೂರ್ಸಿದಾರೆ ಅಂತ."

ಅರ್ಡಿತ್ ನೋಡಿದಳು. ಯಾವಾಗಲೂ ವೇಡ್‌ನ ಪಕ್ಕ ಕೂರುತ್ತಿದ್ದ ಡ್ಯಾರಿಯಸ್ ಬೆಂಚಿನ ಕಟ್ಟಕಡೆಗೆ, ನೀರಿನ ಡಬ್ಬಗಳ ಪಕ್ಕದಲ್ಲಿ ಕೂತಿದ್ದ. ಆಟ ನಿಂತಾಗ ಹುಡುಗರೆಲ್ಲ ಕೋಚಿನ ಸುತ್ತ ಗುಂಪುಗೂಡಿದರು. ಡ್ಯಾರಿಯಸ್ ಎದ್ದು ಬಂದು ಗುಂಪಿನ ಹೊರಗೆ ನಿಂತ. ವೇಡ್ ಕೈಹಲಗೆಯ ಮೇಲೆ ಆಟದ ಗೆರೆ ಎಳೆಯುತ್ತಿದ್ದವನು ಅವನನ್ನು ಕಂಡು, ತನ್ನ ಭುಜವನ್ನು ಅಡ್ಡ ತಿರುಗಿಸಿಕೊಂಡ.

ಕೊಕ್ಕರೆಗಳು ಆ ದಿನವೂ ಸೋತವು. ಹೊರಗೆ ಬರುವಾಗ ಯಾರೋ ಹಿಂದಿನಿಂದ, "ಅತ್ತೆಮ್ಮ, ಪೆಟ್ಟಿಗೆ ಕಟ್ಟೋಕೆ ಸಹಾಯ ಬೇಕಾ?" ಎಂದು ಕೂಗಿದರು. ಅರ್ಡಿತ್ ತಿರುಗಲಿಲ್ಲ. ಆ ದನಿ ಪರಿಚಯದ್ದೇ ಇರಬೇಕು ಅನ್ನಿಸಿತು. ಊರಿನಲ್ಲಿ ಪರಿಚಯವಿಲ್ಲದ ದನಿ ಎಲ್ಲಿತ್ತು?

ಶುಕ್ರವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ಡ್ಯಾರಿಯಸ್. ವೇಡ್ ಮನೆಯಲ್ಲಿಲ್ಲ ಎಂದಳು ಅರ್ಡಿತ್.

"ಪರವಾಗಿಲ್ಲ," ಎಂದ ಅವನು. "ಕಾಲೇಜಲ್ಲಿ ನನ್ನ ಜೊತೆ ಮಾತಾಡಲ್ಲ. ಮನೇಲಾದ್ರೂ ಸಿಕ್ತಾರೇನೋ ಅಂತ ಬಂದೆ. ಕಾಯ್ಬಹುದಾ?"

ಅರ್ಡಿತ್ ಅವನನ್ನು ಒಳಗೆ ಕೂರಿಸಿ, ಚಿಲ್ಲಿ ಬಿಸಿ ಮಾಡಿ, ಪಕ್ಕಕ್ಕೆ ದಾಲ್ಚಿನ್ನಿ ರೋಲ್ ಇಟ್ಟುಕೊಟ್ಟಳು. ಅವನು ಆ ಕಡೆಯ ಮಕ್ಕಳು ಶಾಲೆಯಲ್ಲಿ ತಿನ್ನುವ ಹಾಗೆ ರೋಲನ್ನು ಚಿಲ್ಲಿಯಲ್ಲೇ ಅದ್ದಿಕೊಂಡು ತಿಂದ. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಂಕಟವಾಯಿತು.

"ಆ ಡಾಟೀಗೆ ಸುದ್ದಿ ಕೊಡೋನು ನಾನು ಅಂತ ಎಲ್ರೂ ಅಂದ್ಕೊಂಡಿದಾರೆ," ಎಂದ ಡ್ಯಾರಿಯಸ್. "ಅವಳು ನನ್ನ ಅಜ್ಜಿ ಅಂತ ಒಬ್ಬ. ನನ್ನ ಅತ್ತೆ ಅಂತ ಇನ್ನೊಬ್ಬ. ನಂಗಿನ್ನೂ ಮದುವೇನೇ ಆಗಿಲ್ಲ. ನಮ್ಮಜ್ಜಿ ಮೆಂಫಿಸ್‌ನಲ್ಲಿದಾಳೆ, ಅವಳಿಗೆ ಬೇಸ್‌ಬಾಲ್ ಬಿಟ್ರೆ ಇನ್ನೊಂದು ಆಟ ಗೊತ್ತಿಲ್ಲ."

"ವೇಡ್ ಅದನ್ನ ನಂಬಿದಾನಾ?"

"ನಂಬಿಲ್ಲ ಅಂತ ಬಾಯಲ್ಲಿ ಹೇಳ್ತಾರೆ. ಆದ್ರೆ ನಾನು ಬಂದ್ರೆ ಹಲಗೆ ಮುಚ್ಕೋತಾರೆ." ಅವನು ಚಮಚವನ್ನು ಬಟ್ಟಲಲ್ಲಿ ಇಟ್ಟ. "ಅವರನ್ನ ಬೈಯೋಕೆ ನಂಗೆ ಮನಸ್ಸಿಲ್ಲ. ಶನಿವಾರ ಯಾಕೆ ಕೊನೇ ಗಳಿಗೇಲಿ ಆಟ ಬದ್ಲಾಯ್ಸಿದ್ರು ಗೊತ್ತಾ? ನಮ್ಮ ಉದ್ದದ ಹುಡುಗ ಇದಾನಲ್ಲ, ಅವನ ಅಣ್ಣ ಆ ದಿನ ಬೆಳಿಗ್ಗೆ ಜೈಲಿಗೆ ಹೋದ. ಹುಡುಗನ ತಲೆ ನೆಟ್ಟಗಿರ್ಲಿಲ್ಲ. ಜಾಗ ಕಾಯೋ ಆಟಕ್ಕೆ ನಡುಮಧ್ಯ ನಿಂತು ಎಲ್ರನ್ನೂ ಕೂಗಿ ಎಚ್ಚರಿಸೋನು ಅವನೇ. ಇವತ್ತು ಅವನ ಮೇಲೆ ಅದನ್ನ ಹೊರಿಸ್ಬಾರ್ದು ಅಂತ ಕೋಚ್ ಹಳೇ ಆಟಕ್ಕೇ ಹೋದ್ರು. ಮೊದಲು ಮುಖ ಊದಿಸ್ಕೊಂಡೆ, ಆಮೇಲೆ ನಾನೂ ಒಪ್ದೆ. ಅದನ್ನ ರೇಡಿಯೋದಲ್ಲಿ ಹೇಳೋಕಾಗತ್ತಾ?"

ಪುಕ್ಕಲಾದ್ರಿ ಎಂದು ತಾನು ಅಂದದ್ದು ಅರ್ಡಿತ್‌ನ ಕಿವಿಯಲ್ಲಿ ಮತ್ತೆ ಕೇಳಿಸಿತು. ಅವಳು ಏನೋ ಹೇಳಲು ಬಾಯಿ ತೆರೆದಳು. ಆ ಹೊತ್ತಿಗೆ ಜೋನೆಲ್ ತಾನು ಪಾಠ ಹೇಳುವ ಶಾಲೆಯಿಂದ ಬಂದಳು. ಡ್ಯಾರಿಯಸ್ ಎದ್ದು, ಆಮೇಲೆ ಬರ್ತೀನಿ ಎಂದು ಹೊರಟುಹೋದ.

ಜೋನೆಲ್‌ನ ಕೈಯಲ್ಲಿ ಮಾರಾಟದ ಹಲಗೆಯಿತ್ತು. ಮತ್ತೊಂದು. ಇದನ್ನು ಯಾರೋ ಹಗಲಲ್ಲೇ ನೆಟ್ಟಿದ್ದರು. ಅವಳು ಅದನ್ನು ಕಸದ ಡಬ್ಬಕ್ಕೆ ತುರುಕಿ, ಕೈತೊಳೆದುಕೊಂಡು, ತಾಯಿಯ ಎದುರು ಕೂತಳು.

"ಈ ಊರು ಬಿಡ್ಬೇಕು ಅಮ್ಮ," ಎಂದಳು. "ನಮ್ಮ ಕ್ಲಾಸಿನ ಮಕ್ಕಳು ಕೂಡ ಕೇಳ್ತಾರೆ, ನಿಮ್ಮ ಗಂಡನ್ನ ಯಾವಾಗ ಓಡಿಸ್ತಾರೆ ಅಂತ. ಬೇರೆ ಕಡೆ ಕೆಲಸ ನೋಡು ಅಂತ ಬೆನ್ನು ಹತ್ತಿರೋಳು ನಾನೇ. ಅವನಿಗೆ ಇಷ್ಟ ಇಲ್ಲ. ಹುಡುಗರನ್ನ ನಡುವೆ ಬಿಟ್ಟು ಹೋಗೋದು ಹೇಗೆ ಅಂತಾನೆ. ಆದ್ರೂ ನನ್ನ ಕಾಟಕ್ಕೆ ಗ್ಯಾರೇಜಿಗೆ ಹೋಗಿ ಯಾರ್ಯಾರಿಗೋ ಫೋನ್ ಮಾಡ್ತಾನೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಇಲ್ಲೇ ಹುಟ್ಟಿದೋಳು. ನಿಂಗೆ ಹೇಳಿದ್ರೆ ನೋವಾಗತ್ತೆ ಅಂತ, ಕೆಲಸ ಸಿಗೋವರೆಗೂ ಬಾಯಿ ಬಿಡಬೇಡ ಅಂದಿದ್ದು ವೇಡ್."

ಅರ್ಡಿತ್ ಅವತ್ತು ಊಟ ಮಾಡಲಿಲ್ಲ. ಅವಳ ಅನುಮಾನ ಸರಿಯಾಗಿಯೇ ಇತ್ತು. ಫೋನ್ ನಿಜ, ಬೇರೆ ಕೆಲಸ ನಿಜ, ಮುಖದಲ್ಲಿ ಕಂಡ ಕಳ್ಳತನವೂ ನಿಜ. ಆದರೂ ಕಂಡದ್ದರಲ್ಲಿ ಒಂದೂ ಅವಳು ತಿಳಿದ ಹಾಗಿರಲಿಲ್ಲ.

ಸೋಮವಾರ ಮತ್ತೆ ಚರ್ಚಿನ ಹಿಂದೆ ಕಾರು ನಿಲ್ಲಿಸಿದಳು. ಡ್ಯಾರಿಯಸ್‌ನ ತಲೆಯ ಮೇಲಿನ ಅಪವಾದ ಇಳಿಸಿಬಿಟ್ಟರೆ ಸಾಕು, ಅಲ್ಲಿಗೆ ಡಾಟೀಯ ಕತೆಯೂ ಮುಗಿಯಿತು ಎಂದುಕೊಂಡಿದ್ದಳು.

"ನಂಗೆ ಯಾರೂ ಏನೂ ಹೇಳಿಲ್ಲ," ಎಂದಳು ಕೈಗವಸಿನ ಮರೆಯಿಂದ. "ಜಾಗ ಕಾಯೋ ಆಟದ ಮಾತು ನಾನೇ ಊಹೆ ಮಾಡಿ ಹೇಳಿದ್ದು. ಆ ಟಬ್ ಹುಡುಗನ್ನ ನಾನು ಕಂಡೂ ಇಲ್ಲ."

"ಗುರುವಾರ ಅನ್ನೋದನ್ನೂ ಊಹೆ ಮಾಡಿದ್ರಾ ಡಾಟೀ?" ಎಂದು ವೇಡ್ ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

ಗಸ್ ನಡುವೆ ಬಾಯಿ ಹಾಕಿದ. "ನಾವು ಟಬ್ ಹೆಸರು ಎತ್ತಲೇ ಇಲ್ವಲ್ಲ ಡಾಟೀ. ನೀವೇ ಎತ್ತಿದ್ರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು." ಅಂಗಡಿಯಲ್ಲಿ ಹೋ ಎಂದು ಕೂಗೆದ್ದಿತು. ಯಾರೋ, "ಟಬ್‌ನ ಕಾಪಾಡ್ತಾ ಇದಾಳೆ," ಎಂದು ಮೈಕಿಗೆ ಕೇಳುವಂತೆ ಕಿರುಚಿದರು.

ಅರ್ಡಿತ್ ಫೋನನ್ನು ಪಕ್ಕದ ಸೀಟಿನ ಮೇಲೆ ಎಸೆದಳು. ಒಂದು ಗಳಿಗೆ ಸ್ಟಿಯರಿಂಗ್ ಹಿಡಿದು ಕೂತಿದ್ದು, ಆಮೇಲೆ ಗೇರ್ ಹಾಕಿದಳು. ಪಿಜ್ಜಾ ಅಂಗಡಿ ಅಲ್ಲಿಂದ ಕೂಗಳತೆ ದೂರ. ಅಂಗಡಿಯ ಮುಂದೆ ಹಿಮದ ರಾಶಿಗೆ ಮೂತಿ ತಾಗಿಸಿ ಕಾರು ನಿಲ್ಲಿಸಿ, ಊರುಗೋಲು ಹಿಡಿದು ಒಳಗೆ ಹೋದಳು.

ಅವಳನ್ನು ಕಂಡು ಹತ್ತಿರದ ಮೇಜುಗಳಲ್ಲಿ ಎಂದಿನಂತೆ ಮಾತು ನಿಂತಿತು. ಅವಳು ಮೇಜುಗಳ ನಡುವೆ ದಾರಿ ಮಾಡಿಕೊಂಡು ನೇರ ಮೈಕಿನ ಹತ್ತಿರ ಬಂದಳು. ವೇಡ್ ಗಾಬರಿಯಾಗಿ ಎದ್ದು ನಿಂತ. "ಅರ್ಡಿತ್? ಜೋನೆಲ್‌ಗೆ ಏನಾದ್ರೂ ಆಯ್ತಾ?"

"ಜೋನೆಲ್ ಚೆನ್ನಾಗಿದಾಳೆ. ಕೂತ್ಕೋ." ಅವಳು ಗಂಟಲನ್ನು ಹಿಚುಕಿ, ಆ ಇನ್ನೊಂದು ದನಿ ತೆಗೆದಳು. "ಕೋಪ ಎಲ್ಲಿ ಬಂತು ಗಸ್, ಬರೀ ಅನುಮಾನ."

ಗಸ್‌ನ ಕೈಯಲ್ಲಿದ್ದ ಪಿಜ್ಜಾ ತುಂಡು ಹಾಗೇ ನಿಂತಿತು.

"ಡಾಟೀ ನಾನೇ," ಎಂದಳು ತನ್ನ ಸ್ವಂತ ದನಿಯಲ್ಲಿ. "ಗುರುವಾರದ ಮಾತು ನಾನು ಗೋಡೆ ಆಚೆ ಕೂತು ಕೇಳಿಸ್ಕೊಂಡಿದ್ದು. ನನ್ನ ಕಿವಿ ಚೆನ್ನಾಗಿದೆ. ಟಬ್ ಯಾರಿಗೂ ಏನೂ ಹೇಳಿಲ್ಲ. ಕೋಚ್ ಪುಕ್ಕಲನೂ ಅಲ್ಲ. ಯಾಕೆ ಆಟ ಬದ್ಲಾಯ್ಸಿದ್ರು ಅನ್ನೋದು ನಂಗೆ ಈಗ ಗೊತ್ತು, ಅದು ನಿಮಗೆ ಬೇಕಾಗಿಲ್ಲ."

ಮೂಲೆಯಲ್ಲೊಬ್ಬ ನಗತೊಡಗಿದ. ನಗು ಮೇಜಿನಿಂದ ಮೇಜಿಗೆ ಹತ್ತಿಕೊಂಡಿತು. "ಸ್ವಂತ ಅತ್ತೆಗೇ ಇವನ ಆಟ ಸಹಿಸೋಕಾಗ್ಲಿಲ್ಲ ನೋಡ್ರೋ," ಎಂದಿತು ಒಂದು ದನಿ. ಕಿಟಕಿಯ ಬಳಿ ಕೂತಿದ್ದ ಔಷಧಿ ಅಂಗಡಿಯವನು ಮಾತ್ರ ನಗಲಿಲ್ಲ. ಕೈಕಟ್ಟಿ ಕೂತು, "ಇದೆಲ್ಲ ನಾಟಕ," ಎಂದ. "ಟಬ್‌ನ ಉಳಿಸ್ಕೊಳೋಕೆ ಮನೆಯೋರೆಲ್ಲ ಸೇರಿ ಮುದುಕೀನ ಮುಂದೆ ಬಿಟ್ಟಿದಾರೆ. ಈ ದನಿ ಆ ದನಿ ಥರಾನೇ ಇಲ್ಲ." ಅವನ ಮೇಜಿನವರು ತಲೆದೂಗಿದರು.

ಇಷ್ಟು ದಿನ ಸುಳ್ಳು ಹೆಸರಿನಲ್ಲಿ ಅಂದದ್ದನ್ನೆಲ್ಲ ಈ ಜನ ಕಣ್ಣುಮುಚ್ಚಿ ನಂಬಿದ್ದರು. ಈಗ ಎದುರಿಗೆ ನಿಂತು ನಿಜ ಹೇಳಿದರೆ ಅರ್ಧ ಅಂಗಡಿ ನಂಬಲಿಲ್ಲ. ನಂಬಿದ ಅರ್ಧ ನಗುತ್ತಿತ್ತು.

ವೇಡ್ ಮೈಕನ್ನು ಪಕ್ಕಕ್ಕೆ ಸರಿಸಿದ. ಅವಳ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಬಂದ. ಬ್ಯೂಕ್ ಅವನೇ ಓಡಿಸಿದ. ಧಾನ್ಯದ ಗೋದಾಮು ದಾಟಿದ ಮೇಲೆ ಅವನು ಕೇಳಿದ:

"ಅಷ್ಟೆಲ್ಲ ಅಂದ್ರಲ್ಲ, ನಿಜವಾಗ್ಲೂ ಹಾಗೇ ಅನ್ನಿಸಿತ್ತಾ ನಿಮಗೆ?"

ಅರ್ಡಿತ್‌ಗೆ ಸುಳ್ಳು ಹೇಳಿ ಸಾಕಾಗಿತ್ತು. "ಜಾಗ ಕಾಯೋ ಆಟದ್ದು ಅನ್ನಿಸಿತ್ತು. ಈಗ್ಲೂ ಅನ್ಸತ್ತೆ. ನಿನ್ನ ಹುಡುಗರು ಓಡೋ ಹುಡುಗರಲ್ಲ ವೇಡ್."

"ಮಿಕ್ಕಿದ್ದು?"

"ಮಿಕ್ಕಿದ್ದು ಅವರು ನಗ್ತಾರೆ ಅಂತ ಹೇಳಿದೆ."

ಅವನು ತಲೆಯಾಡಿಸಿದ. ಕ್ಷಮಿಸಿದೆ ಎಂಬ ತಲೆಯಾಟವೋ, ಕೇಳಿಸಿತು ಎಂಬುದಷ್ಟೋ ಅವಳಿಗೆ ತಿಳಿಯಲಿಲ್ಲ. "ಜೋನೆಲ್‌ಗೆ ನೀವೇ ಹೇಳಿ," ಎಂದ. "ರೇಡಿಯೋ ಕೇಳಿರ್ತಾಳೆ. ಆದ್ರೂ ನೀವೇ ಹೇಳಿ."

ಜೋನೆಲ್ ಕೇಳಿದ್ದಳು. ತಾಯಿಯ ಮುಂದೆ ನಿಂತು, "ನಂಗೆ ಅನುಮಾನ ಇತ್ತು ಅಮ್ಮ. ಇರ್ಲಿಕ್ಕಿಲ್ಲ ಅಂತ ನನ್ನನ್ನೇ ಬೈಕೊಂಡಿದ್ದೆ," ಎಂದಷ್ಟೇ ಹೇಳಿ ಮಹಡಿ ಹತ್ತಿಹೋದಳು. ವಾರವಿಡೀ ತಾಯಿ ಮಗಳ ನಡುವೆ ಉಪ್ಪು ಕೊಡು, ಸಕ್ಕರೆ ಕೊಡು ಎಂಬಷ್ಟೇ ಮಾತು.

ಆ ವರ್ಷ ಊರಿನಲ್ಲಿ ನಡೆದ ಕೊನೆಯ ಆಟದ ದಿನ ಅರ್ಡಿತ್‌ಗೆ ತನ್ನ ಹಳೆಯ ಸಾಲಿಗೆ ಹೋಗಲು ಮುಖವಿರಲಿಲ್ಲ. ಮನೆಯಲ್ಲೇ ಉಳಿಯುತ್ತೇನೆ ಎಂದಳು. ವೇಡ್ ಟಿಕೆಟ್ ಮೇಜಿನ ಮೇಲಿಟ್ಟ. ಅದು ಬೆಂಚಿನ ಹಿಂದಿನ ಕುರ್ಚಿ, ಕೋಚುಗಳ ಮನೆಯವರು ಕೂರುವ ಜಾಗ. "ಬರ್ಬೇಕು," ಎಂದ. ಅದು ಕರೆಯೋ ಶಿಕ್ಷೆಯೋ ಎಂದು ಯೋಚಿಸುತ್ತಲೇ ಅವಳು ಹೋಗಿ ಕೂತಳು.

ಡ್ಯಾರಿಯಸ್ ಮತ್ತೆ ವೇಡ್‌ನ ಪಕ್ಕದಲ್ಲಿದ್ದ. ಇಬ್ಬರ ನಡುವೆ ಇನ್ನೊಬ್ಬ ಕೂರುವಷ್ಟು ಜಾಗ ಖಾಲಿಯಿತ್ತು. ಕೊಕ್ಕರೆಗಳು ಅಂದು ಮೊದಲಿನಿಂದಲೂ ಜಾಗ ಹಿಡಿದು ಕಾದವು. ಉದ್ದದ ಹುಡುಗ ನಡುವೆ ನಿಂತು, ಕೈ ಚಾಚಿ, ಎಡಕ್ಕೆ ಬಲಕ್ಕೆ ಎಂದು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ. ಎದುರಾಳಿಗಳಿಗೆ ಬುಟ್ಟಿಯ ಹತ್ತಿರ ಸುಳಿಯಲಾಗಲಿಲ್ಲ. ಅರ್ಡಿತ್ ಸೀಟಿನ ತುದಿಗೆ ಸರಿದಳು. ಅವಳ ಕಾಲು ತಾನಾಗಿ ನೆಲದ ಮೇಲೆ ಅತ್ತಿಂದಿತ್ತ ಜಾರುತ್ತಿತ್ತು.

ಮೇಲಿನ ಸಾಲುಗಳಿಂದ ಮಾತುಗಳು ಬೀಳುತ್ತಿದ್ದದ್ದು ಅವಳ ಗಮನಕ್ಕೆ ಬಂದದ್ದು ಆಗಲೇ. ಹಳೆಯ ಸಾಲಿನಲ್ಲಿ ಕೂತಾಗ ಅದೆಲ್ಲ ಒಂದೇ ಗದ್ದಲ. ಕೂಗಿದ್ದು ಎಲ್ಲೋ ಚಾವಣಿಗೆ ಹೋಗಿ ಕರಗುತ್ತದೆ ಎಂದು ಅವಳು ತಿಳಿದಿದ್ದಳು. ಇಲ್ಲಿ ಕೆಳಗೆ ಪ್ರತಿಯೊಂದೂ ಬಿಡಿಬಿಡಿಯಾಗಿ, ಹೆಸರು ಹಿಡಿದು ಬರುತ್ತಿತ್ತು. ಉದ್ದದ ಹುಡುಗನ ಅಣ್ಣನ ವಿಷಯ ಯಾರಿಗೋ ಗೊತ್ತಾಗಿತ್ತು. ಅದನ್ನೂ ಕೂಗಿದರು. ಹುಡುಗನ ಕತ್ತಿನ ನರ ಬಿಗಿಯಿತು, ಆದರೆ ಅವನು ಕೈ ಇಳಿಸಲಿಲ್ಲ. ಆಮೇಲೆ ಒಂದು ಹೆಂಗಸಿನ ದನಿ, "ಆ ಉದ್ದದೋನಿಗೆ ಒಂದು ಏಣಿ ಕೊಡ್ರಪ್ಪ, ಕೈ ಎಟುಕ್ತಾ ಇಲ್ಲ," ಎಂದಿತು. ಲವಾನ್‌ಳದ್ದು. ಹಿಂದಿನ ವರ್ಷ ಆ ಮಾತಿಗೆ ಅರ್ಡಿತ್ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅದು ತಾನೇ ಎಂದೋ ಆಡಿದ ಮಾತೂ ಇರಬಹುದು.

ಆಟ ನಿಂತಾಗ ವೇಡ್ ಹಿಂದಕ್ಕೆ ತಿರುಗಿದ. "ಏನು ಕಾಣ್ತಿದೆ?" ಎಂದು ಕೇಳಿದ.

ತನ್ನನ್ನೇ ಕೇಳುತ್ತಿದ್ದಾನೆಂದು ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ನಿನ್ನ ಎಡಗಡೆ ಹುಡುಗ ಚೆಂಡು ನೋಡ್ತಾ ಇದಾನೆ," ಎಂದಳು. "ಹಿಂದೆ ಬಂದೋನು ಕಾಣ್ತಾ ಇಲ್ಲ ಅವನಿಗೆ."

ವೇಡ್ ಡ್ಯಾರಿಯಸ್ ಕಡೆ ನೋಡಿದ. ಡ್ಯಾರಿಯಸ್ ಎದ್ದು ಹೋಗಿ ಆ ಹುಡುಗನ ಕಿವಿಯಲ್ಲಿ ಹೇಳಿದ.

ಆ ದಿನ ಕೊಕ್ಕರೆಗಳು ಗೆದ್ದವು. ಮರುದಿನ ಊರಿನಲ್ಲಿ ಎರಡು ಮಾತು ಓಡಾಡಿದವು. ಮುದುಕಿ ಹೇಳಿಕೊಟ್ಟದ್ದಕ್ಕೆ ಗೆದ್ದರು ಎಂದು ಕೆಲವರು. ಎದುರಾಳಿಗಳು ಬೇಕೆಂದೇ ಸೋತರು ಎಂದು ಔಷಧಿ ಅಂಗಡಿಯವನು. ಹುಡುಗರು ಚೆನ್ನಾಗಿ ಆಡಿದರು ಎಂದು ಅರ್ಡಿತ್‌ನ ಕಿವಿಗೆ ಬೀಳುವಂತೆ ಯಾರೂ ಹೇಳಲಿಲ್ಲ. ಕಾಲೇಜಿನವರು ವೇಡ್‌ನನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಂಡರು. ಅವನಿಗಿಂತ ಅಗ್ಗದವನು ಸಿಗಲಿಲ್ಲ, ಅದಕ್ಕೇ ಎಂದಿತು ಊರು. ಗ್ಯಾರೇಜಿನ ಫೋನುಗಳು ನಿಂತವು. ಕೆಲಸ ಸಿಗದೆ ನಿಂತವೋ, ಬೇಡವೆಂದು ನಿಂತವೋ, ಅರ್ಡಿತ್ ಕೇಳಲಿಲ್ಲ. ಆದರೆ ಆಟದ ಮಾತು ಬಂದಾಗ ವೇಡ್ ಒಮ್ಮೆ ಅವಳತ್ತ ನೋಡಿ ದನಿ ತಗ್ಗಿಸುತ್ತಿದ್ದ. ಅವಳು ತಾನಾಗಿ ಎದ್ದು ಕೋಣೆಗೆ ಹೋಗಿ, ಟಿ.ವಿ.ಯ ಸದ್ದನ್ನು ಹೊರಗೆ ಕೇಳುವಷ್ಟು ಜೋರು ಮಾಡುವುದನ್ನು ರೂಢಿಸಿಕೊಂಡಳು.

ಹಿಮ ಕರಗಿ ಹೊಲಗಳು ಕಪ್ಪಗೆ ಕಾಣತೊಡಗಿದಾಗ ಡ್ಯಾರಿಯಸ್ ಕೆಲಸ ಬಿಟ್ಟ ಸುದ್ದಿ ಬಂತು. ನೆಬ್ರಾಸ್ಕಾದ ಸಣ್ಣ ಕಾಲೇಜೊಂದು ಅವನನ್ನು ಮುಖ್ಯ ಕೋಚೆಂದೇ ಕರೆದಿತ್ತು. ಅರ್ಡಿತ್ ಕಡಲೆಕಾಯಿ ಬೆಣ್ಣೆಯ ಬರ್ಫಿಯಂಥ ಸಿಹಿ ಮಾಡಿ, ಒಂದು ಡಬ್ಬಕ್ಕೆ ತುಂಬಿಕೊಂಡು ಅವನ ಮನೆಗೆ ಹೋದಳು. ಅವನು ಕಾರಿನ ಹಿಂಭಾಗಕ್ಕೆ ಪೆಟ್ಟಿಗೆಗಳನ್ನು ತುರುಕುತ್ತಿದ್ದ.

"ವೇಡ್ ನಿನ್ನ ಕ್ಷಮೆ ಕೇಳಿದ ಅಂತ ಗೊತ್ತಾಯ್ತು," ಎಂದಳು.

"ಕೇಳಿದ್ರು. ಎರಡು ಸಲ ಕೇಳಿದ್ರು. ಒಳ್ಳೇ ಮನುಷ್ಯ." ಅವನು ಡಬ್ಬ ತೆಗೆದುಕೊಂಡು ಮುಂದಿನ ಸೀಟಿನಲ್ಲಿಟ್ಟ. "ಆದ್ರೆ ಒಂದ್ಸಲ ಭುಜ ಅಡ್ಡ ತಿರುಗ್ಸಿದೋರ ಪಕ್ಕ ಕೂತ್ರೆ, ಯಾವಾಗ ಮತ್ತೆ ತಿರುಗ್ಸ್ತಾರೋ ಅಂತ ನೋಡ್ತಾನೇ ಇರ್ತೀನಿ. ಆಟ ನೋಡಲ್ಲ, ಭುಜ ನೋಡ್ತೀನಿ."

"ಅದು ನನ್ನಿಂದ ಆಗಿದ್ದು."

"ನಿಮ್ಮಿಂದಾನೂ ಆಯ್ತು," ಎಂದ ಅವನು, ಅವಳನ್ನು ಹಂಗಿಸದೆ, ಹಗುರಮಾಡಿಯೂ ಹೇಳದೆ. ಪೆಟ್ಟಿಗೆಯೊಂದನ್ನು ಮಂಡಿಯಿಂದ ಒತ್ತಿ ಬಾಗಿಲು ಹಾಕಿದ. "ಅಲ್ಲೂ ಸೋಮವಾರ ರೇಡಿಯೋ ಕಾರ್ಯಕ್ರಮ ಇದೆಯಂತೆ. ಇಲ್ಲಿಗೂ ಕೇಳಿಸತ್ತೆ."

"ಕೇಳ್ತೀನಿ."

"ಫೋನ್ ಮಾಡೋದಾದ್ರೆ ನಿಮ್ಮ ಹೆಸರು ಹೇಳಿ."

ಅವನು ಕಾರು ಹತ್ತಿದ. ಅರ್ಡಿತ್ ಊರುಗೋಲಿನ ಮೇಲೆ ಭಾರ ಹಾಕಿ, ಕಾರು ಹೆದ್ದಾರಿಯ ಕಡೆ ತಿರುಗುವವರೆಗೂ ನಿಂತಿದ್ದಳು. ಪಕ್ಕದ ಮನೆಯ ಕಿಟಕಿಯಲ್ಲಿ ಪರದೆ ಸರಿಯಿತು. ಒಳಗೆ ನಿಂತಿದ್ದ ಹೆಂಗಸು ಅವಳನ್ನು, ಅವಳು ಬಂದ ಮನೆಯನ್ನು, ಹೋಗುತ್ತಿದ್ದ ಕಾರನ್ನು ನೋಡಿ, ಯಾರಿಗೋ ಹೇಳಲು ಒಳಕ್ಕೆ ತಿರುಗಿದಳು.